ಸಿಂಗಟಗೆರೆಯ ಕೆಂಪು ಚುಕ್ಕಿಗಳು

"ನನ್ನ ಮಣ್ಣನ್ನ ತೆಗೆದು ಎಸೆದೋರು ಯಾರ್ರೀ?"

ತರೀಕೆರೆಯ ಆ ಸಭಾಂಗಣದಲ್ಲಿ ಎಲ್ಲರ ಕತ್ತೂ ಒಮ್ಮೆಲೇ ಹಿಂದಕ್ಕೆ ತಿರುಗಿತು.

ಕೊನೆಯ ಸಾಲಿನಲ್ಲಿ ಅಶ್ವಿನಿ ಎದ್ದು ನಿಂತಿದ್ದಳು. ಚೂಡಿದಾರದ ಅಂಚಿನಲ್ಲಿ ಬೆಳಗಿನ ಕೆಸರು ಇನ್ನೂ ಅಂಟಿಕೊಂಡಿತ್ತು. ಸಿಟ್ಟಿಗೆ ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಎದುರಿನ ಪರದೆಯ ಮೇಲೆ ಕಡೂರು, ತರೀಕೆರೆ, ಅಜ್ಜಂಪುರದ ನಕ್ಷೆ. ಅದನ್ನು ಚೌಕ ಚೌಕವಾಗಿ ಭಾಗ ಮಾಡಿದ್ದರು. ಎಲ್ಲ ಕಡೆ ಹಸಿರು ಚುಕ್ಕಿಗಳು. ಸಿಂಗಟಗೆರೆಯ ಸುತ್ತ ಮಾತ್ರ ಕೆಂಪು. ಹಸಿರು ಅಂದರೆ ಒಪ್ಪಿಕೊಂಡ ಮಣ್ಣು. ಕೆಂಪು ಅಂದರೆ ತಳ್ಳಿಹಾಕಿದ್ದು. ಆ ಕೆಂಪು ಚುಕ್ಕಿಗಳಷ್ಟೂ ಅಶ್ವಿನಿಯವು!

ಪರದೆಯ ಪಕ್ಕ ನಿಂತಿದ್ದವನು ಗಂಟಲು ಸರಿಮಾಡಿಕೊಂಡ.

"ನಾನೇ... ಕಲ್ಲೇಶ್."

ಹೌದು, ನಮ್ಮ ನಾಯಕನ ಹೆಸರು ಕಲ್ಲೇಶ್. ಆರ್ಯನ್, ವಿಹಾನ್ ಅಂತ ಯಾರಾದರೂ ಬರುತ್ತಾನೆ ಎಂದು ಕಾದಿದ್ದವರು ಕ್ಷಮಿಸಬೇಕು. ಅಜ್ಜಂಪುರದವನು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ತಗ್ಗಿಸಿದ ಕಣ್ಣು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೇ ಅವನ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತ್ತು.

ಆದರೆ ಅಶ್ವಿನಿ ದಂಗಾಗಿದ್ದು ಹೆಸರು ಕೇಳಿ ಅಲ್ಲ, ಆ ದನಿ ಕೇಳಿ. ಎಂಟು ತಿಂಗಳಿಂದ ಪ್ರತಿ ಸಂಜೆ ಫೋನಿನಲ್ಲಿ ಕೇಳಿದ ದನಿ ಅದು; ಮುಖ ಮಾತ್ರ ಇವತ್ತೇ ಕಂಡದ್ದು. ಕೇಳಿದರೆ ಸಾಕು, ದಿನದ ಸುಸ್ತೆಲ್ಲ ಇಳಿದುಹೋಗುತ್ತಿದ್ದ ದನಿ.

'ಅಯ್ಯೋ... ಇವನೇನಾ? ನಿನ್ನೆ ಸಂಜೆಯೂ ನನ್ನ ಜೊತೆ ನಗುನಗುತ್ತಾ ಮಾತಾಡಿದನಲ್ಲ! ಒಂದು ಮಾತಾದರೂ ಹೇಳಿದನಾ?'

"ಎಸೆದಿಲ್ಲ ಅಶ್ವಿನಿ ಅವರೇ, ಪಕ್ಕಕ್ಕೆ ಇಟ್ಟಿದೀನಿ..." ಎಂದ ಕಲ್ಲೇಶ್.

"ಕಸದ ಬುಟ್ಟಿ ಪಕ್ಕಕ್ಕಾ?"

ಯಾರೋ ಕಿಸಕ್ಕನೆ ನಕ್ಕರು. ಯೋಜನೆಯ ಮುಖ್ಯಸ್ಥೆ ಶಾರದಾಂಬಾ ಮೇಡಂ ಕೈ ಎತ್ತಿ ಸುಮ್ಮನಿರಿಸಿದರು. "ಕಲ್ಲೇಶ್, ಯಾಕೆ ಅಂತ ಹೇಳಪ್ಪ. ಅವಳಿಗೂ ಗೊತ್ತಾಗಲಿ."

ಈ ಯೋಜನೆ ಏನು ಅಂತ ನಿಮಗೂ ಹೇಳಿಬಿಡುತ್ತೇನೆ. ಮಳೆ ಬಿದ್ದರೆ ಎಷ್ಟು ಇಂಗುತ್ತದೆ, ಎಷ್ಟು ಆವಿಯಾಗುತ್ತದೆ, ಮಣ್ಣಿನಲ್ಲಿ ಎಷ್ಟು ಇಂಗಾಲ ಕೂತಿದೆ, ಜೌಗು ನೆಲದಿಂದ ಎಷ್ಟು ಮೀಥೇನ್ ಅನಿಲ ಗಾಳಿಗೆ ಸೇರುತ್ತದೆ ಎಂದೆಲ್ಲ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಒಂದಿದೆ. ಅದಕ್ಕೆ ಪ್ರತಿ ಚೌಕದಲ್ಲೂ ಎಂಥ ಮಣ್ಣಿದೆ ಅಂತ ಹೇಳಿಕೊಡಬೇಕು. ಕೆರೆ, ಜೌಗು ಇರುವ ಕಡೆ ಅದು ಯಾವಾಗಲೂ ಎಡವುತ್ತದೆ. ಹಾಗಾಗಿ ಅಶ್ವಿನಿಯಂಥವರು ಊರೂರು ತಿರುಗಿ ಮಣ್ಣು ಕೊರೆದು ಕಳಿಸುತ್ತಾರೆ. ಕಲ್ಲೇಶನಂಥವರು ಮನೆಯ ಮಹಡಿಯಲ್ಲಿ ಕೂತು ಅದನ್ನು ಮಾಡೆಲ್‌ಗೆ ತುಂಬುತ್ತಾರೆ.

ಕಲ್ಲೇಶ್ ನಕ್ಷೆ ತೋರಿಸಿದ. "ಈ ಜಾಗಗಳೆಲ್ಲ ಕೆರೆಗಿಂತ ಎತ್ತರದಲ್ಲಿವೆ. ತೆಂಗಿನ ತೋಟಗಳು. ಮಾಡೆಲ್ ಪ್ರಕಾರ ಇಲ್ಲಿ ಯಾವತ್ತೂ ನೀರು ನಿಂತಿಲ್ಲ, ಕೆಂಪು ಮಣ್ಣು ಇರಬೇಕು. ಆದ್ರೆ ಬಂದಿರೋ ಸ್ಯಾಂಪಲ್ ಕಪ್ಪು ಜೌಗು ಮಣ್ಣು. ಅದೂ ಅಲ್ಲದೆ..."

"ಅದೂ ಅಲ್ಲದೆ? ಹೇಳಿ, ನುಂಗ್ಬೇಡಿ!"

"ಅದರಲ್ಲಿ ಕೆರೆ ಬಸವನಹುಳದ ಚಿಪ್ಪು ಇದೆ. ತೆಂಗಿನ ತೋಟದ ಮಣ್ಣಲ್ಲಿ ಕೆರೆಯ ಚಿಪ್ಪು ಹೇಗೆ ಬರುತ್ತೆ?"

ಚಿಪ್ಪನ್ನು ಅಶ್ವಿನಿಯೂ ನೋಡಿದ್ದಳು. ಕಂಡದ್ದನ್ನು ಕಂಡಂತೆ ಬರೆದು ಕಳಿಸಿದ್ದಳು. ಅದು ಅಲ್ಲಿಗೆ ಹೇಗೆ ಬಂತು ಎಂದು ಯೋಚಿಸಿಯೇ ಇರಲಿಲ್ಲ.

ಅಮೃತಾಪುರದ ಕಡೆ ಮಣ್ಣು ತೆಗೆಯುವ ಭಾರ್ಗವ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. "ಮೇಡಂ, ಕೆರೆ ಇವರ ಮನೆ ಹತ್ರಾನೇ ಇದೆ. ಬಿಸಿಲಲ್ಲಿ ತೋಟ ತೋಟ ಯಾಕೆ ಅಲೀಬೇಕು? ಕೆರೇಲಿ ಒಂದೇ ಕಡೆ ಬಗೆದು, ಎಲ್ಲ ಚೀಲಕ್ಕೂ ತುಂಬಿದ್ರೆ ಕೆಲಸ ಮುಗೀತು..."

ಈ ಸಲ ನಾಲ್ಕೈದು ಜನ ನಕ್ಕರು.

ಅಶ್ವಿನಿ ಭಾರ್ಗವನ ಕಡೆ ನೋಡಲೇ ಇಲ್ಲ. ಕಲ್ಲೇಶನನ್ನೇ ನೋಡಿದಳು. 'ಹೇಳು. ಹಾಗಲ್ಲ ಅಂತ ಒಂದು ಮಾತು ಹೇಳು. ನಾನು ಎಂಥವಳು ಅಂತ ಈ ಕೋಣೆಯಲ್ಲಿ ನಿನ್ನೊಬ್ಬನಿಗೆ ಗೊತ್ತು...'

ಕಲ್ಲೇಶ್ ನೆಲ ನೋಡುತ್ತಾ ನಿಂತ.

ಶಾರದಾಂಬಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ಹತ್ತು ದಿನಕ್ಕೆ ರಿಪೋರ್ಟ್ ಹೋಗುತ್ತೆ. ಅಷ್ಟರೊಳಗೆ ಇದಕ್ಕೆ ಉತ್ತರ ಸಿಗದಿದ್ರೆ, ಸಿಂಗಟಗೆರೆಯ ಮಣ್ಣು ನಂಬೋ ಹಾಗಿಲ್ಲ ಅಂತ ಬರೀಬೇಕಾಗುತ್ತೆ."

"ನನ್ನ ಹೆಸರು ಹಾಕಿನಾ ಮೇಡಂ?"

"ಯಾರು ತಂದ ಮಣ್ಣು ಅನ್ನೋದು ಹಾಕಲೇಬೇಕಲ್ಲಮ್ಮ."

ಅಷ್ಟೇ. ಸುಳ್ಳು ಮಣ್ಣು ಕೊಟ್ಟವಳು ಎಂದು ಒಂದು ಸಲ ಹೆಸರು ಬಿದ್ದರೆ ಯಾವ ಯೋಜನೆಯವರೂ ಹತ್ತಿರ ಸೇರಿಸುವುದಿಲ್ಲ. ಅಶ್ವಿನಿಗೆ ಈ ಕೆಲಸ ಬಿಟ್ಟರೆ ಬೇರೆ ಯಾವುದರ ಮೇಲೂ ಆಸೆ ಇರಲಿಲ್ಲ.

ಅವಳು ಚೀಲ ಹೆಗಲಿಗೇರಿಸಿದಳು. ಬಾಗಿಲ ಬಳಿ ನಿಂತು ತಿರುಗಿದಳು.

"ಅಜ್ಜಂಪುರದಿಂದ ಸಿಂಗಟಗೆರೆ ಏನು ಕಾಶಿ ರಾಮೇಶ್ವರನಾ ಕಲ್ಲೇಶ್ ಅವರೇ? ಎಂಟು ತಿಂಗಳಲ್ಲಿ ಒಂದು ಸಲ ಬಂದು ನೋಡೋಕೆ ಏನು ಧಾಡಿಯಾಗಿತ್ತು ನಿಮಗೆ?"

ಬಾಗಿಲು ಧಡಾರನೆ ಮುಚ್ಚಿತು.

* * *

ಕಡೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅಶ್ವಿನಿಗೆ ಬೀರೂರು ದಾಟಿದ್ದೂ ತಿಳಿಯಲಿಲ್ಲ.

ಮೊದಲ ಸಲ ಅವನು ಫೋನ್ ಮಾಡಿದಾಗ ಕೇಳಿದ್ದೇ ವಿಚಿತ್ರ ಪ್ರಶ್ನೆ. "ಮಣ್ಣನ್ನ ಮುಷ್ಟೀಲಿ ಹಿಡಿದ್ರೆ ಉಂಡೆ ಕಟ್ತಿತ್ತಾ, ಪುಡಿ ಆಗ್ತಿತ್ತಾ?" ಬೇರೆಯವರೆಲ್ಲ ಅಂಕಿಸಂಖ್ಯೆ ಕೇಳಿ ಫೋನ್ ಇಡುತ್ತಿದ್ದರು. ಇವನು ಮಾತ್ರ ಮಣ್ಣಿನ ವಾಸನೆ ಕೇಳುತ್ತಿದ್ದ, ಬಣ್ಣ ಕೇಳುತ್ತಿದ್ದ. ಒಂದು ಸಂಜೆ ಕೆರೆ ಏರಿಯ ಮೇಲಿಂದ ಮಾತಾಡುವಾಗ, "ಕಪ್ಪೆ ಕೂಗೋದು ಕೇಳಿಸ್ತಾ ಇದೆ, ಇನ್ನೊಂದ್ ಸ್ವಲ್ಪ ಹೊತ್ತು ಇಡಬೇಡಿ" ಅಂದಿದ್ದ. ಅವಳು ಇಟ್ಟಿರಲಿಲ್ಲ. ಇಬ್ಬರೂ ಸುಮ್ಮನೆ ಕಪ್ಪೆಯ ಕೂಗು ಕೇಳುತ್ತಾ ಕೂತಿದ್ದರು.

ಎರಡು ಸಲ ಬರುತ್ತೇನೆ ಅಂದ. ಎರಡು ಸಲವೂ ಬರಲಿಲ್ಲ. 'ಪಾಪ, ನಾಚಿಕೆ ಸ್ವಭಾವ' ಎಂದುಕೊಂಡು ಅವಳೇ ಒಳಗೊಳಗೇ ನಕ್ಕಿದ್ದಳು.

'ನಾಚಿಕೆಯಂತೆ ನಾಚಿಕೆ! ನಾಲ್ಕು ಜನರ ಮುಂದೆ ನನ್ನನ್ನು ಕಳ್ಳಿ ಮಾಡೋಕೆ ನಾಚಿಕೆ ಆಗಲಿಲ್ಲವಲ್ಲ!'

ಫೋನ್ ಸದ್ದಾಯಿತು. ಅವನೇ. ಅಶ್ವಿನಿ ಕಣ್ಣೊರೆಸಿಕೊಂಡು ಅವನ ನಂಬರನ್ನು ಬ್ಲಾಕ್ ಮಾಡಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಕೇಳದೆ ತನ್ನ ಸೀರೆಯ ಸೆರಗು ಸರಿಸಿ ಜಾಗ ಬಿಟ್ಟಳು.

ಮನೆಯಲ್ಲಿ ಅವಳು ಯಾರಿಗೂ ಏನೂ ಹೇಳಲಿಲ್ಲ. ಮೋಸದ ಮಾತು ತನ್ನ ಮೇಲೆ ಬಂದಿದೆ ಎಂದು ಅಪ್ಪ ದೇವೀರಪ್ಪನಿಗೆ ಯಾವ ಬಾಯಲ್ಲಿ ಹೇಳುವುದು? "ತಲೆನೋವು" ಎಂದು ಹೇಳಿ ಉಣ್ಣದೆ ಮಲಗಿದಳು.

* * *

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬೈಕ್ ನಿಂತ ಸದ್ದು. ಅಮ್ಮ ತೀರ್ಥಮ್ಮ ಹೊರಗೆ ಹೋದರು.

"ಯಾರಪ್ಪಾ?"

"ಅಶ್ವಿನಿ ಅವರ ಜೊತೆ ಕೆಲಸ ಮಾಡೋನು ಅಮ್ಮ. ಕಲ್ಲೇಶ್ ಅಂತ. ಅಜ್ಜಂಪುರ."

"ಅಜ್ಜಂಪುರದಲ್ಲಿ ಯಾರ ಪೈಕಿ?"

"ನಂಜುಂಡಪ್ಪ ಅವರ ಮಗ."

"ಬಾ ಬಾ, ಒಳಗ್ ಬಾ. ಇಷ್ಟ್ ಬೆಳಿಗ್ಗೇನೆ ಬಂದಿದೀಯ, ತಿಂಡಿ ಆಗಿರಲ್ಲ."

ಅಶ್ವಿನಿ ಮುಖ ತೊಳೆದು ಬರುವಷ್ಟರಲ್ಲಿ ನಡುಮನೆಯಲ್ಲಿ ಕಲ್ಲೇಶ್ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಣ್ಣೆಯ ಉಂಡೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಅಮ್ಮಾ! ಇವರಿಗ್ಯಾಕೆ ರೊಟ್ಟಿ?"

"ಮನೆಗ್ ಬಂದೋರಿಗೆ ಹಾಕ್ದೆ ಇನ್ಯಾರಿಗ್ ಹಾಕ್ಲೇ? ಸುಮ್ನಿರು."

"ಇವರು ಯಾರು ಗೊತ್ತಾ ನಿಂಗೆ?"

"ನಂಜುಂಡಪ್ಪನ ಮಗ ಕಣೇ. ಇನ್ನೊಂದ್ ರೊಟ್ಟಿ ಹಾಕ್ಲೇನಪ್ಪಾ?"

ಕಲ್ಲೇಶ್ ತಲೆ ಎತ್ತಲಿಲ್ಲ. "ಬೇಡಮ್ಮ, ಸಾಕು." ಆಮೇಲೆ ಮೆಲ್ಲಗೆ, "ಅಶ್ವಿನಿ ಅವರೇ, ತೋಟದಲ್ಲಿ ನಾನೇ ಕೊರೆದು ನೋಡ್ಬೇಕು ಅಂತ ಬಂದೆ. ಫೋನ್ ಹೋಗ್ತಿಲ್ಲ..."

"ಹೋಗಲ್ಲ. ಇನ್ಮೇಲೂ ಹೋಗಲ್ಲ!"

ಆದರೂ ಅವಳು ಮೂಲೆಯಲ್ಲಿದ್ದ ಆಗರ್ ಎತ್ತಿಕೊಂಡಳು. ಆಗರ್ ಅಂದರೆ ಮಣ್ಣು ಕೊರೆಯುವ ಸಲಾಕೆ; ಮೇಲೆ ಅಡ್ಡ ಹಿಡಿ, ಕೆಳಗೆ ತಿರುಪು. ಅದನ್ನು ಅವನ ಕಾಲ ಬಳಿ ಠಣ್ ಎಂದು ಇಟ್ಟಳು.

"ಕೈ ತೊಳ್ಕೊಂಡು ಬನ್ನಿ. ನಿಮ್ಮ ಮಾಡೆಲ್‌ನೂ ಕರ್ಕೊಂಡು ಬನ್ನಿ, ಅದೂ ನೋಡ್ಲಿ."

* * *

ಕೆಂಪು ಚುಕ್ಕಿ ಬಿದ್ದಿದ್ದ ಒಂದು ತೋಟದಲ್ಲಿ ಅವಳು ಮಾರು ದೂರದಲ್ಲಿ ಕೈಕಟ್ಟಿ ನಿಂತಳು.

"ನೀವೇ ತಿರುಗಿಸಿ. ನಾನು ಮುಟ್ಟಲ್ಲ. ಆಮೇಲೆ ಕೈಚಳಕ ಮಾಡಿದ್ಲು ಅಂತೀರ."

ಕಲ್ಲೇಶ್ ಆಗರ್ ಊರಿ ತಿರುಗಿಸಿದ. ಅದು ಅಲ್ಲಾಡಲಿಲ್ಲ. ಇನ್ನೊಮ್ಮೆ ಬಲ ಹಾಕಿದ. ಸಲಾಕೆ ಜಾರಿ, ಅವನು ಮುಗ್ಗರಿಸಿ, ತೆಂಗಿನ ಮರ ಹಿಡಿದು ನಿಂತ. ಅಶ್ವಿನಿಗೆ ಸಣ್ಣ ಖುಷಿ. ಮೂರನೇ ಸಲಕ್ಕೆ ಅವನ ಅಂಗೈ ಕೆಂಪಾಗಿ ಬೊಕ್ಕೆ ಎದ್ದಿತು. ಖುಷಿ ಹೋಗಿ ಅವಳಿಗೆ ತಡೆಯಲಾಗಲಿಲ್ಲ.

"ಹಂಗಲ್ಲ ಕಣ್ರೀ! ತೋಳಲ್ಲಿ ಏನು ಒತ್ತುತೀರ? ಮೈಭಾರ ಬಿಡಿ ಅದರ ಮೇಲೆ. ಕಾಲು ಅಗಲ ಮಾಡಿ. ಹಾಂ... ಈಗ ತಿರುಗಿಸಿ."

ಆಗರ್ ಇಳಿಯಿತು. ಅವನು ಮೇಲೆಳೆದಾಗ ತಿರುಪಿನ ತುಂಬ ಕಪ್ಪು ಮಣ್ಣು. ಬೆಣ್ಣೆಯಂತೆ ನುಣ್ಣಗೆ, ಅಲ್ಲಲ್ಲಿ ತುಕ್ಕಿನ ಬಣ್ಣದ ಗೆರೆ. ನೀರಲ್ಲಿ ನೆನೆದು ಬೆಳೆದ ಮಣ್ಣಿನ ಗುರುತು ಅದು. ಕಲ್ಲೇಶ್ ಅದನ್ನು ಬೆರಳಲ್ಲಿ ಬಿಡಿಸಿದ. ಒಳಗಿಂದ ಬಿಳಿಯ ಪುಟ್ಟ ಚಿಪ್ಪೊಂದು ಉದುರಿತು.

ಅವನ ಮುಖ ಬಿಳಿಚಿಕೊಂಡಿತು.

"ನೀವು ಇಲ್ಲಿಂದಲೇ ತೆಗೆದಿದ್ರಿ..."

"ಮತ್ತೆ? ನಿಮ್ಮ ತಲೆಯಿಂದ ತೆಗೆದಿದ್ನಾ?"

"ಕ್ಷಮಿಸಿ ಅಶ್ವಿನಿ."

"ಕ್ಷಮಿಸಲ್ಲ!"

ಸರಿ, ಸುಳ್ಳಲ್ಲ ಅಂತ ಗೊತ್ತಾಯಿತು. ಆದರೆ ಚಿಪ್ಪಿನ ಪ್ರಶ್ನೆ ಹಾಗೇ ಉಳಿಯಿತು. ಈ ಎತ್ತರದಲ್ಲಿ ಕೆರೆ ಇದ್ದದ್ದು ಯಾವ ಕಾಲದಲ್ಲಿ? ಅದಕ್ಕೆ ಉತ್ತರ ಇಲ್ಲದಿದ್ದರೆ ಇವನೊಬ್ಬ ನಂಬಿ ಏನು ಪ್ರಯೋಜನ? ಸಭೆಯಲ್ಲಿ ಭಾರ್ಗವ ಮತ್ತೆ ನಗುತ್ತಾನೆ.

ಭಾರ್ಗವನ ನೆನಪಾದದ್ದೇ ತಡ, ಅವಳಿಗೆ ಇನ್ನೊಂದು ಮಾತು ಥಟ್ಟನೆ ನೆನಪಾಯಿತು.

"ಹೋದ ತಿಂಗಳು ಅಮೃತಾಪುರದ ಮಣ್ಣು ಯಾಕೋ ಸರಿ ಇಲ್ಲ ಅಂತ ನೀವೇ ಹೇಳಿದ್ರಿ ನಂಗೆ. ಆಮೇಲೆ ಭಾರ್ಗವನಿಗೆ ಫೋನ್ ಮಾಡಿ ಕೇಳ್ದೆ, ಸರಿಯಾಯ್ತು ಅಂದ್ರಿ. ಹೌದೋ ಅಲ್ವೋ?"

ಅವನು ಅದೇ ಗುಂಡಿಗೆ ಮತ್ತೆ ಆಗರ್ ಇಳಿಸಿದ.

"ಭಾರ್ಗವನಿಗೆ ಫೋನ್ ಮಾಡಿದ್ರಿ. ನನ್ನನ್ನ ಯಾಕೆ ಕೇಳ್ಲಿಲ್ಲ? ದಿನಾ ಮಾತಾಡ್ತಿದ್ವಲ್ಲ! ದಿನಾ!"

ಅವನು ಇನ್ನೂ ಜೋರಾಗಿ ತಿರುಗಿಸಿದ. ಯೋಜನೆಯವರು ಹೇಳಿದ್ದು ಒಂದೇ ಅಡಿ ಕೊರೆಯಿರಿ ಎಂದು. ಅಶ್ವಿನಿ ಎಲ್ಲ ಕಡೆ ಅಷ್ಟೇ ಕೊರೆದಿದ್ದಳು. ಇವನೋ ಉತ್ತರ ತಪ್ಪಿಸಿಕೊಳ್ಳಲು ತಲೆ ತಗ್ಗಿಸಿ ತಿರುಗಿಸುತ್ತಲೇ ಇದ್ದ. ಒಂದೂವರೆ ಅಡಿ... ಎರಡು ಅಡಿ...

"ಲೇ ಕಲ್ಲೇಶ! ಕಿವಿ ಕೇಳ್ಸಲ್ವಾ? ನಿನ್ನನ್ನೇ ಕೇಳ್ತಿರೋದು ಕಣೋ!"

ಕರ್ರ್... ಎಂದು ಕೆಳಗೆ ಸದ್ದಾಯಿತು.

ಇಬ್ಬರೂ ನಿಂತರು. ಕಲ್ಲೇಶ್ ಮೆಲ್ಲಗೆ ಸಲಾಕೆ ಎಳೆದ. ಮೇಲಿನಷ್ಟೂ ಕಪ್ಪು. ತುದಿಯಲ್ಲಿ, ಚಾಕುವಿನಲ್ಲಿ ಕೊಯ್ದಂತೆ ಕಪ್ಪು ನಿಂತು, ಅದರ ಕೆಳಗೆ ಕೆಂಪು ಗರಸು ಮಣ್ಣು. ಒಣ ನೆಲದ ಮಣ್ಣು. ಮಾಡೆಲ್ ಹೇಳಿದ್ದ ಅದೇ ಮಣ್ಣು!

ಅಶ್ವಿನಿ ಓಡಿಬಂದು ಮಂಡಿಯೂರಿದಳು. ಕಪ್ಪನ್ನೂ ಕೆಂಪನ್ನೂ ಮುಟ್ಟಿ ನೋಡಿದಳು. ನೆಲ ತಾನಾಗಿ ಬೆಳೆದರೆ ಬಣ್ಣ ಹೀಗೆ ಗೆರೆ ಎಳೆದಂತೆ ಬದಲಾಗುವುದಿಲ್ಲ. ಇದು ಯಾರೋ ತಂದು ಸುರಿದದ್ದು...

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಗೋಡು!" ಎಂದಳು ಅವಳು.

"ಗೋಡು..." ಎಂದ ಅವನು, ಅದೇ ಉಸಿರಿನಲ್ಲಿ.

ಹಣೆ ಹಣೆ ಚಚ್ಚಿಕೊಳ್ಳಬೇಕು ಇವರಿಬ್ಬರೂ! ಬೇಸಿಗೆಯಲ್ಲಿ ಕೆರೆ ಬತ್ತಿದರೆ ಅದರ ಅಂಗಳದ ಕಪ್ಪು ಹೂಳನ್ನು, ಅಂದರೆ ಗೋಡನ್ನು, ಗಾಡಿಗಟ್ಟಲೆ ತುಂಬಿ ತೋಟಕ್ಕೆ, ಹೊಲಕ್ಕೆ ಹೊಡೆಯುವುದು ಈ ಸೀಮೆಯಲ್ಲಿ ತಲೆತಲಾಂತರದಿಂದ ನಡೆದು ಬಂದದ್ದು. ಕೆರೆಯ ಮಣ್ಣು ತೋಟಕ್ಕೆ ಬಂದಾಗ ಕೆರೆಯ ಚಿಪ್ಪೂ ಬರದೆ ಇನ್ನೇನು? ಅಶ್ವಿನಿ ಚಿಕ್ಕವಳಿದ್ದಾಗ ಗೋಡಿನ ಟ್ರ್ಯಾಕ್ಟರ್ ಮೇಲೆ ಕೂತು ಕೇಕೆ ಹಾಕಿದವಳು. ಕಲ್ಲೇಶ್ ಅಜ್ಜಂಪುರದಲ್ಲಿ ಅಪ್ಪನ ಜೊತೆ ಮಂಕರಿಯಲ್ಲಿ ಹೊತ್ತು ಹರಡಿದವನು. ಅಷ್ಟು ಗೊತ್ತಿರುವ ಸಂಗತಿ ಆದ್ದರಿಂದಲೇ ಅವಳಿಗೆ ಅದು ಹೊಳೆಯಲಿಲ್ಲ. ಕಂಪ್ಯೂಟರ್ ಮುಂದೆ ಕೂತಾಗ ಅವನಿಗೆ ಅದು ನೆನಪೇ ಆಗಲಿಲ್ಲ. ಹೊರಗಿನವರಾಗಿದ್ದರೆ ಯಾರನ್ನಾದರೂ ಕೇಳಿಯಾದರೂ ಕೇಳುತ್ತಿದ್ದರು. ಊರಿನವರು, ಕೇಳುವ ಅಗತ್ಯವೇ ಇಲ್ಲ ಅಂದುಕೊಂಡರು.

"ಅಂದ್ರೆ ನಿಮ್ಮ ಮಣ್ಣೂ ಸರಿ, ಮಾಡೆಲ್ಲೂ ಸರಿ!" ಕಲ್ಲೇಶ್ ಬಾಯಿ ತಡವರಿಸುತ್ತಿತ್ತು. "ಇಲ್ಲಿ ನೀರು ನಿಂತಿಲ್ಲ, ಆದ್ರೆ ನೀರಲ್ಲಿದ್ದ ಮಣ್ಣು ಇಲ್ಲಿದೆ. ಕೆರೆ ಅಂಗಳದಲ್ಲೇ ಇದೆ ಅಂತ ನಾವು ಲೆಕ್ಕ ಹಾಕಿದ ಇಂಗಾಲ ಎಲ್ಲ ತೋಟಗಳಲ್ಲಿ ಕೂತಿದೆ ಅಶ್ವಿನಿ! ಇದು ಯಾವ ಮಾಡೆಲ್‌ನಲ್ಲೂ ಇಲ್ಲ..."

ಖುಷಿಯಲ್ಲಿ ಅವನು ಅವಳ ಎರಡೂ ಕೈ ಹಿಡಿದುಕೊಂಡಿದ್ದ. ಅವಳೂ ಹಿಡಿದುಕೊಂಡಿದ್ದಳು. ಕೈತುಂಬ ಮಣ್ಣು. ಒಂದು ಗಳಿಗೆ ಅವಳಿಗೆ ಎಲ್ಲ ಮರೆತುಹೋಯಿತು.

ಮರುಗಳಿಗೆ ನೆನಪಾಯಿತು. ಕೈ ಕಿತ್ತುಕೊಂಡಳು.

"ಫೋನಲ್ಲಿ ಒಂದು ಸಲ ಕೇಳಿದ್ರೆ ಇದು ನಾಲ್ಕು ಮಾತಲ್ಲಿ ಮುಗೀತಿತ್ತು. ನನ್ನನ್ನ ಯಾಕೆ ಕೇಳ್ಲಿಲ್ಲ? ಹೇಳೋವರೆಗೂ ಇಲ್ಲಿಂದ ಬಿಡಲ್ಲ."

ಕಲ್ಲೇಶ್ ಆಗರ್ ಎತ್ತಿ, ತಿರುಪಿಗೆ ಅಂಟಿದ ಮಣ್ಣನ್ನು ಬೆರಳಲ್ಲಿ ಒರೆಸಿದ.

"ಕೇಳಿದ್ರೆ... ನೀವು ಏನು ಹೇಳಿದ್ರೂ ನಂಬಿಬಿಡ್ತಿದ್ದೆ. ಅದಕ್ಕೆ ಹೆದರಿದೆ."

"ಏನಂದ್ರಿ?"

"ನಿಮ್ಮ ದನಿ ಕೇಳಿದ್ರೆ ನನ್ನ ಲೆಕ್ಕ ಎಲ್ಲ ನಿಮ್ಮ ಕಡೆ ವಾಲುತ್ತೆ ಅಶ್ವಿನಿ. ಪ್ರೀತಿಸ್ತೀನಿ ನಿಮ್ಮನ್ನ. ಎಂಟು ತಿಂಗಳಿಂದ. ಅದಕ್ಕೇ ಎರಡು ಸಲ ಹೊರಟು ಬೀರೂರಿನಿಂದ ವಾಪಸ್ ಹೋದೆ. ಪ್ರೀತಿಗೋಸ್ಕರ ತಪ್ಪು ಮಣ್ಣು ಒಪ್ಕೊಂಡೆ ಅಂತ ಆಗಬಾರದು ಅಂದ್ಕೊಂಡು... ನಿಮ್ಮ ವಿಷಯದಲ್ಲಿ ಜಾಸ್ತಿ ಕಟ್ಟುನಿಟ್ಟಾಗಿಬಿಟ್ಟೆ."

ಎಂಟು ತಿಂಗಳು ಕಾದಿದ್ದ ಮಾತು! ಬಂದ ರೀತಿ ನೋಡಿ. ಅಶ್ವಿನಿಯ ಎದೆ ಒಮ್ಮೆ ಜುಮ್ಮೆಂದಿತು. ಆಮೇಲೆ ಬಂದದ್ದು ಮಾತ್ರ ಶುದ್ಧ ಸಿಟ್ಟು.

"ಅಂದ್ರೆ ನನ್ನ ಪ್ರೀತ್ಸಿದ್ದಕ್ಕೆ ನನಗೇ ಶಿಕ್ಷೆನಾ? ಒಳ್ಳೆ ಕಥೆಯಾಯ್ತಲ್ರೀ ಇದು!"

"ಅಶ್ವಿನಿ..."

"ನಾನು ರಿಯಾಯಿತಿ ಕೇಳಿದ್ನಾ ನಿಮ್ಮನ್ನ? ಭಾರ್ಗವನಿಗೆ ಕೊಟ್ಟಷ್ಟು ಮರ್ಯಾದೆ ಕೊಟ್ಟಿದ್ರೆ ಸಾಕಿತ್ತು. ಅನುಮಾನ ಬಂದ್ರೆ ಕೇಳೋದು, ಅಷ್ಟೇ! ಅವನು ಅಂಥ ಮಾತಾಡಿದಾಗ ನೆಲ ನೋಡ್ತಾ ನಿಂತ್ರಲ್ಲ, ಅದಕ್ಕೂ ಪ್ರೀತಿನೇ ಕಾರಣನಾ?"

"ಅದಕ್ಕೆ ಹೇಡಿತನ ಕಾರಣ," ಎಂದ ಅವನು. ಕಣ್ಣು ತುಂಬಿತ್ತು.

ಅವಳು ಆಗರ್ ಕಿತ್ತುಕೊಂಡು ಮುಖ ತಿರುಗಿಸಿದಳು. ತನ್ನ ಕಣ್ಣೂ ತುಂಬಿದ್ದು ಅವನಿಗೆ ಕಾಣಬಾರದಿತ್ತು.

"ಹೋಗಿ. ಯಾರ ಮುಂದೆ ನನ್ನ ಹೆಸರು ಕೆಟ್ಟಿತೋ ಅವರ ಮುಂದೇನೆ ಅದು ಸರಿ ಆಗ್ಬೇಕು. ಅಲ್ಲೀವರೆಗೂ ಪ್ರೀತಿ ಗೀತಿ ಅಂತ ನನ್ನ ಹತ್ರ ಮಾತಾಡಬೇಡಿ!"

* * *

ಮುಂದಿನ ವಾರ ಅದೇ ಸಭಾಂಗಣ, ಅದೇ ಜನ. ಅಷ್ಟರಲ್ಲಿ ಅಶ್ವಿನಿ ಸಿಂಗಟಗೆರೆಯ ಆ ಎಲ್ಲ ತೋಟಗಳನ್ನೂ ಮತ್ತೆ ಆಳಕ್ಕೆ ಕೊರೆದು ಮಣ್ಣನ್ನು ಶಾರದಾಂಬಾ ಮೇಡಂಗೆ ಕಳಿಸಿದ್ದಳು. ಕಲ್ಲೇಶನ ಜೊತೆ ಒಂದು ಮಾತೂ ಆಡಿರಲಿಲ್ಲ.

ಅವನು ಎದ್ದು ಬಂದ. ಈ ಸಲ ನೆಲ ನೋಡಲಿಲ್ಲ.

"ಸಿಂಗಟಗೆರೆಯ ಮಣ್ಣು ತಳ್ಳಿಹಾಕಿದ್ದು ನನ್ನ ತಪ್ಪು," ಎಂದ. ಗೋಡಿನ ವಿಷಯ ಬಿಡಿಸಿ ಹೇಳಿದ. ಮೇಲೆ ಕಪ್ಪು, ಕೆಳಗೆ ಕೆಂಪು ಇರುವ ಫೋಟೋಗಳನ್ನು ತೋರಿಸಿದ. ಹಿಂದಿನ ಸಾಲುಗಳಲ್ಲಿ "ಅಯ್ಯೋ, ಹೌದಲ್ಲ!" ಎಂಬ ಗುಸುಗುಸು ಎದ್ದಿತು. ಅವರೂ ಇದೇ ಸೀಮೆಯವರು ತಾನೆ.

"ಇನ್ನೂ ಒಂದು ಮಾತು. ಅಮೃತಾಪುರದ ಮಣ್ಣಿನ ಮೇಲೆ ಅನುಮಾನ ಬಂದಾಗ ಭಾರ್ಗವ ಅವರಿಗೆ ಫೋನ್ ಮಾಡಿ ಕೇಳಿದೆ. ಅಶ್ವಿನಿ ಅವರನ್ನ ಕೇಳಲಿಲ್ಲ. ಅದಕ್ಕೆ ಕಾರಣ..."

ಅಶ್ವಿನಿ ಕುರ್ಚಿಯ ತುದಿಗೆ ಸರಿದಳು. 'ಬೇಡ! ದಮ್ಮಯ್ಯ, ಹೇಳಬೇಡ... ಇಲ್ಲಿ ಹೇಳಿದರೆ ಮುಗೀತು. ಪ್ರೀತಿಗಾಗಿ ಒಪ್ಪಿಕೊಂಡ ಅಂತಾರೆ. ನನ್ನ ಮಣ್ಣು ಮತ್ತೆ ಸುಳ್ಳಾಗುತ್ತೆ!'

ಕಲ್ಲೇಶ್ ಅವಳ ಕಡೆ ನೋಡಿದ. ಅವಳು ಬೇರೆಯವರಿಗೆ ಕಾಣದಷ್ಟು ಸಣ್ಣಗೆ ತಲೆ ಅಲ್ಲಾಡಿಸಿದಳು.

"...ಕಾರಣಕ್ಕೆ ಇಲ್ಲಿ ಬೆಲೆ ಇಲ್ಲ. ಕೇಳದೆ ತೀರ್ಮಾನ ಮಾಡಿದೆ, ಅದು ತಪ್ಪು. ಹಾಗಾಗಿ ಅವರ ಮಣ್ಣನ್ನ ಮತ್ತೆ ಪರೀಕ್ಷೆ ಮಾಡಿದ್ದು ನಾನಲ್ಲ. ಮೇಡಂ ಅದನ್ನ ಮೈಸೂರಲ್ಲಿ ಮಣ್ಣು ಪರೀಕ್ಷೆ ಮಾಡೋ ಶ್ರೇಯಾ ಅನ್ನೋರಿಗೆ ಕೊಟ್ಟಿದ್ರು. ಯಾರ ಮಣ್ಣು ಅಂತ ಅವರಿಗೆ ಹೇಳಿರಲಿಲ್ಲ. ನಾನು ಅದನ್ನ ಮುಟ್ಟಿಲ್ಲ. ಬೇರೆಯವರಿಗೆ ಕೊಡಿ ಅಂತ ನಾನೇ ಕೇಳ್ಕೊಂಡೆ."

ಅಶ್ವಿನಿ ಕೂತಲ್ಲೇ ಕರಗಿಹೋದಳು. ಅವಳ ಹೆಸರು ಅವಳ ಕಾಲ ಮೇಲೇ ನಿಲ್ಲಬೇಕು ಎಂದು ಅವನು ದೂರ ಸರಿದು ನಿಂತಿದ್ದ.

ಶಾರದಾಂಬಾ ಮೇಡಂ ಎದ್ದರು. "ಶ್ರೇಯಾ ಒಂದನ್ನ ಬಿಟ್ಟು ಎಲ್ಲದನ್ನೂ ಸರಿ ಅಂತ ಒಪ್ಪಿದಾಳೆ."

"ಒಂದು ತಪ್ಪಿದೆಯಲ್ಲ ಮೇಡಂ!" ಭಾರ್ಗವ ಥಟ್ಟನೆ ನೆಟ್ಟಗೆ ಕೂತ.

ಅಶ್ವಿನಿ ಎದ್ದು ನಿಂತಳು. "ಹೌದು, ತಪ್ಪಿದೆ. ಅದು ನಂದೇ. ಒಂದು ಚೀಲಕ್ಕೆ ಬೇರೆ ಜಾಗದ ಚೀಟಿ ಬಿದ್ದಿದೆ, ಫೋಟೋ ತೋರ್ಸುವಾಗ ನಾನೂ ಈಗ ನೋಡ್ದೆ. ಅದನ್ನ ತೆಗೆದುಹಾಕಿ ಮೇಡಂ. ಉಳಿದಿದ್ದಕ್ಕೆ ಭಾರ್ಗವ ಅವರು ಏನು ಹೇಳ್ತಾರೆ? ಕೆರೇಲಿ ಒಂದೇ ಕಡೆ ಬಗೆದೆ ಅಂದಿದ್ರಿ. ಮಾತು ವಾಪಸ್ ತಗೋತೀರೋ, ಇಲ್ಲ ಬಂದು ಕೊರೀತೀರೋ?"

ಎಲ್ಲರೂ ಭಾರ್ಗವನನ್ನು ನೋಡಿದರು. ಅವನು ಕಾಲು ಇಳಿಸಿದ.

"ತಮಾಷೆಗೆ ಅಂದಿದ್ದು..."

"ನನಗೆ ನಗು ಬಂದಿರಲಿಲ್ಲ."

"ಸರಿ... ತಪ್ಪಾಯ್ತು ಅಶ್ವಿನಿ ಅವರೇ."

ಮೇಡಂ ಬೋರ್ಡಿನ ಮೇಲೆ ಮಣ್ಣಿನ ವರ್ಗಗಳ ಕೊನೆಗೆ ಹೊಸದೊಂದನ್ನು ಬರೆದರು: ಗೋಡು. "ಇನ್ನು ಮೂರೂ ತಾಲ್ಲೂಕಲ್ಲಿ ಎಲ್ಲೆಲ್ಲಿ ಕೆರೆ ಮಣ್ಣು ತೋಟ ಹೊಲಕ್ಕೆ ಬಂದಿದೆ ಅಂತ ಹುಡುಕಬೇಕು. ಈ ಕೆಲಸದ ಮುಂದಾಳತ್ವ ಅಶ್ವಿನಿದು."

ಚಪ್ಪಾಳೆ ಬಿತ್ತು. ಅಶ್ವಿನಿಗೆ ಅಷ್ಟು ದಿನ ತಡೆದಿಟ್ಟ ಅಳು ಆಗ ಬಂತು.

* * *

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಗದ್ದಲ. ಕಡೂರಿನ ಬಸ್ಸು ಹೊರಡಲು ತಯಾರಾಗಿತ್ತು. ಅಶ್ವಿನಿ ಬಾಗಿಲ ಕಂಬಿ ಹಿಡಿದಿದ್ದಳು. ಹಿಂದಿನಿಂದ ಏದುಸಿರು ಬಿಡುತ್ತಾ ಕಲ್ಲೇಶ್ ಬಂದ.

"ಇನ್ನೂ ಸಿಟ್ಟಾ?"

"ಹೂಂ. ಸಿಟ್ಟೇ."

"ಯಾವಾಗ ಹೋಗುತ್ತೆ?"

"ಹೋಗಲ್ಲ. ಅಷ್ಟು ಸುಲಭಕ್ಕೆ ಹೋಗೋ ಸಿಟ್ಟಲ್ಲ ಇದು."

"ಸರಿ, ಇರಲಿ." ಅವನು ಉಸಿರು ಎಳೆದುಕೊಂಡ. "ಒಂದು ಮಾತು ಕೇಳ್ಬೇಕು. ಮನಸ್ಸಲ್ಲೇ ಹೀಗೆ ಇರಬಹುದು, ಹಾಗೆ ಇರಬಹುದು ಅಂತ ಅಂದ್ಕೊಳ್ಳೋಕೆ ಭಯ ಆಗ್ತಿದೆ ನಂಗೆ. ಅದಕ್ಕೆ ಕೇಳ್ತಿದೀನಿ. ನನ್ನ ಮದ್ವೆ ಆಗ್ತೀರಾ?"

ಅಶ್ವಿನಿ ಬೆಚ್ಚಿಬಿದ್ದಳು. ಮೂಸಂಬಿ ಮಾರುವವನು ಕೂಗು ನಿಲ್ಲಿಸಿ ಇವರನ್ನೇ ನೋಡಿದ.

"ಬಸ್‌ಸ್ಟ್ಯಾಂಡಲ್ಲಾ ಕೇಳೋದು!"

"ಬ್ಲಾಕ್ ಮಾಡಿದೀರಲ್ಲ, ಫೋನಲ್ಲಿ ಹೆಂಗ್ ಕೇಳ್ಲಿ?"

ಅವಳಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದಳು. ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ನಾನು ಬೈತೀನಿ. ಜಾಸ್ತಿ ಬೈತೀನಿ."

"ಗೊತ್ತು."

"ನಾಲ್ಕು ಜನರ ಮುಂದೆ ನನ್ನ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರೆ, ನೆಲ ನೋಡ್ತಾ ನಿಂತ್ಕೊಂಡ್ರೆ..."

"ನಿಲ್ಲಲ್ಲ ಅಶ್ವಿನಿ. ಸತ್ಯವಾಗ್ಲೂ."

ಕಂಡಕ್ಟರ್ ಸೀಟಿ ಊದಿದ. "ಹತ್ತೋರು ಹತ್ತಿ, ಮಾತಾಡೋರು ಕೆಳಗೇ ಇರಿ!"

ಅಶ್ವಿನಿ ಹತ್ತಿ ಕಿಟಕಿ ಪಕ್ಕ ಕೂತಳು. ನೋಡಿದರೆ ಅವನೂ ಹತ್ತಿ ಪಕ್ಕದಲ್ಲಿ ನಿಂತಿದ್ದಾನೆ.

"ಅಜ್ಜಂಪುರದ ಬಸ್ಸು ಆ ಕಡೆ."

"ಗೊತ್ತು. ಸಿಂಗಟಗೆರೆಗೆ ಬರ್ತಿದೀನಿ. ಅಲ್ಲಿ ಇನ್ನೂ ಇಬ್ಬರನ್ನ ಕೇಳ್ಬೇಕಲ್ಲ."

"ನಾನಿನ್ನೂ ಹೂಂ ಅಂದಿಲ್ಲ."

ಅವನ ಮುಖ ಸಣ್ಣದಾಯಿತು. ಬಸ್ಸು ಹೊರಟಿತು. ಅವಳು ಸ್ವಲ್ಪ ಹೊತ್ತು ಹೊರಗೆ ನೋಡಿದಳು. ಆಮೇಲೆ ಮಡಿಲಿಗೆ ಚೀಲ ಎಳೆದುಕೊಂಡು ಪಕ್ಕದ ಸೀಟು ಖಾಲಿ ಮಾಡಿದಳು.

"ಹೂಂ," ಎಂದಳು ಮೆಲ್ಲಗೆ. "ಕೂತ್ಕೋ ಬಾರೋ."